ಅಮಾವಾಸ್ಯೆಯಂದು ಎಣಿಸಿದ ಗಾಡಿಗಳು

ಮಾನಸಿ, ನಿಖಿಲ್, ಕನ್ನಡ ಓದುವುದು ನಿಮಗೆ ನಿಧಾನ ಎಂದು ಗೊತ್ತು. ಅಪ್ಪನ ಪಕ್ಕ ಕುಳಿತು ಓದಿ. ಮೊನ್ನೆ ಕಪಾಟು ಒರೆಸುವಾಗ ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹುಣಸೆಬೀಜ. ಹುಳಿವಾಸನೆ ಇನ್ನೂ ಸ್ವಲ್ಪ ಉಳಿದಿತ್ತು... ಮೇಲಿನ ಮನೆಯ ಅಣ್ಣ ನೆನಪಾದರು.

ಅರವತ್ತರ ದಶಕ. ನಿಮ್ಮಜ್ಜನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಅಹಮದಾಬಾದಿನ ಹಳೇ ಪೇಟೆಯ ಇಕ್ಕಟ್ಟಿನ ಪೋಳಿನಲ್ಲಿದ್ದೆವು. ಪೋಳ್ ಎಂದರೆ ಒಂದೇ ಬಾಯಿಯ ಓಣಿ. ಅಣ್ಣ ಧಾರವಾಡದ ಕಡೆಯವರು. ನಗರಸಭೆಯಲ್ಲಿ ಸರ್ವೇ ಕೆಲಸ.

ಪೋಳಿನ ಬಾಯಿಗೇ ಬಟ್ಟೆ ಮಾರ್ಕೆಟ್ಟು. ಸೈಕಲ್ಲು, ಸ್ಕೂಟರು, ಒಂಟೆಗಾಡಿ ಎಲ್ಲವೂ ದಾರಿಯಲ್ಲೇ ನಿಲ್ಲುತ್ತಿದ್ದವು. ನಿಮ್ಮಪ್ಪ ಹುಟ್ಟುವ ದಿನ ಕುದುರೆಗಾಡಿ ಒಳಗೆ ಬರಲಾಗದೆ ನನ್ನನ್ನು ಮಂಚದ ಸಮೇತ ಹೊತ್ತೊಯ್ದರು. ಮಂಚದ ಒಂದು ಮೂಲೆ ಅಣ್ಣನ ಹೆಗಲ ಮೇಲಿತ್ತು.

ಮಾರ್ಕೆಟ್ಟಿನ ಪಕ್ಕ ನಗರಸಭೆಯ ಖಾಲಿ ಜಾಗವಿತ್ತು. ಅಲ್ಲಿ ವಾಹನ ನಿಲ್ದಾಣ ಬೇಕೇ, ಅಂಗಡಿ ಕಟ್ಟಲು ಕೊಟ್ಟುಬಿಡುವುದೇ? ನೋಡಿ ವರದಿ ಬರೆಯಲು ಸಾಹೇಬರು ಅಣ್ಣನಿಗೆ ಹೇಳಿದರು. ಆದರೆ ನೋಟ್‌ಬುಕ್ ಹಿಡಿದವರನ್ನು ಕಂಡರೆ ವ್ಯಾಪಾರಿಗಳು ತೆರಿಗೆಯವರೆಂದು ಗಾಡಿ ಸರಿಸಿಬಿಡುತ್ತಿದ್ದರು. ಅಣ್ಣ ನಮ್ಮ ಬಾಗಿಲಿಗೆ ಬಂದರು.

"ತಂಗಿ, ನಿನ್ನ ಕಿಡಕಿಯಿಂದ ಮಾರ್ಕೆಟ್ ಚೌಕ ಪೂರಾ ಕಾಣಸ್ತದ. ನಾಳೆ ಒಂದಿನ ಗಾಡಿ ಎಣಿಸಿ ಕೊಡ್ತೀ ಏನು? ನಿನ್ನ ಮ್ಯಾಲೆ ಯಾರಿಗೂ ಸಂಶಯ ಬರೂದಿಲ್ಲ."

ಯಾರಾದರೂ ಬಂದರೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಎಣಿಸಲು ಮಾತು ಬೇಕಿರಲಿಲ್ಲವಲ್ಲ, ಒಪ್ಪಿದೆ. ಬೆಳಗ್ಗೆಯೇ ಹೋಳಿಗೆ ಮಾಡಿ ಅಣ್ಣನಿಗೂ ಕೊಟ್ಟು, ಅಕ್ಕಿ ಆರಿಸುವವಳಂತೆ ಕಿಟಕಿಯಲ್ಲಿ ಕುಳಿತೆ. ಸೈಕಲ್ಲಿಗೆ ಕಡಲೆ, ಸ್ಕೂಟರಿಗೆ ಹೆಸರುಕಾಳು, ಗಾಡಿಗೆ ಹುಣಸೆಬೀಜ, ಕಂಡಂತೆಲ್ಲ ತಗಡಿನ ಡಬ್ಬಿಗೆ. ಚೌಕ ಬಿಕೋ ಎನ್ನುತ್ತಿತ್ತು. ಯಾಕೆಂದು ಕೇಳಲು ಸಂಕೋಚ. ಸಂಜೆ ಡಬ್ಬಿಯ ತಳ ಕೂಡ ಮುಚ್ಚಿರಲಿಲ್ಲ. "ಇಷ್ಟ ಏನು?" ಎಂದರು ಅಣ್ಣ. ತಲೆಯಾಡಿಸಿದೆ. ನಿಲ್ದಾಣ ಬೇಡವೆಂದು ವರದಿ ಹೋಯಿತು.

ಮರುದಿನ ನಲ್ಲಿಯ ಬಳಿ ಪಕ್ಕದ ಮನೆಯವಳಿಗೆ ಹೇಳಿದರೆ ಕೊಡ ಕೆಳಗಿಟ್ಟು ನಕ್ಕಳು. "ಅರೇ ಭೋಳಿ ಬೇನ್! ಕಲ್ ಅಮಾಸ್ ಥೀ. ಅಮಾಸ್ ಕೋ ಬಜಾರ್ ಖುಲ್ತಾ ಹೈ ಕ್ಯಾ?"

ಪೆದ್ದಿ, ನಿನ್ನೆ ಅಮಾವಾಸ್ಯೆ, ಬಜಾರು ತೆರೆಯುತ್ತದೆಯೇ ಎಂದು. ನಮ್ಮೂರಲ್ಲಿ ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೋಳಿಗೆ ಮಾಡಿದ್ದೂ ಅಮಾವಾಸ್ಯೆಗೇ. ಆದರೆ ಇಷ್ಟು ದೊಡ್ಡ ಮಾರ್ಕೆಟ್ಟೂ ಅದನ್ನು ಪಾಲಿಸುತ್ತದೆಂದು ಹೊಳೆದಿರಲಿಲ್ಲ. ಮೆಟ್ಟಿಲು ಹತ್ತಿ ಹೇಳಿದೆ.

"ನಿನ್ನ ಹೋಳಿಗಿ ತಿಂದೂ ನನಗ ಅಮಾಸಿ ನೆನಪಾಗಲಿಲ್ಲಲ್ಲ!" ಅಣ್ಣ ಆಗಲೇ ಕೋಟು ಹಾಕುತ್ತಿದ್ದರು. "ತಪ್ಪು ನನ್ನದು. ಕಾಗದ ವಾಪಸ್ ತಗೋತೀನಿ. ಬೈಸಿಕೊಂಡ್ರ ಬೈಸಿಕೊಳ್ಳೋಣ."

"ಎಣಿಸಿದಾಕಿ ನಾನು. ನಾನೂ ಬರ್ತೀನಿ," ಎಂದೆ. ಎಲ್ಲಿಂದ ಧೈರ್ಯ ಬಂತೋ...

ಕಚೇರಿಯಲ್ಲಿ ಸಾಹೇಬರು ನಾವು ಒಯ್ದ ಡಬ್ಬಿ ಅಲ್ಲಾಡಿಸಿದರು. "ಬೀಜ್ ಗಿನ್ ಕೇ ಶಹರ್ ಬನಾಓಗೇ?" ಬೀಜ ಎಣಿಸಿ ಶಹರ ಕಟ್ಟುತ್ತೀರಾ ಎಂದು. ಎಲ್ಲರೂ ನಕ್ಕರು. ಅಣ್ಣ ತಲೆ ತಗ್ಗಿಸಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಗುಜರಾತಿಯನ್ನು ಸೆರಗು ಹಿಡಿದುಕೊಂಡೇ ಹೇಳಿದೆ: "ಸಾಹೇಬ್, ಫರೀ ಗಣೋ." ಮತ್ತೆ ಎಣಿಸಿ ಎಂದು. ನಗು ನಿಂತಿತು. ಸಾಹೇಬರು ಒಂದು ವಾರ ಕೊಟ್ಟರು.

ಆ ವಾರ ನಾನು ಕಿಟಕಿ ಬಿಟ್ಟು ಏಳಲಿಲ್ಲ. ಅಡುಗೆ ನಿಮ್ಮಜ್ಜನದೇ. ಮೂರನೆಯ ದಿನಕ್ಕೇ ಡಬ್ಬಿ ತುಂಬಿ, ಹಿಟ್ಟಿನ ಡಬ್ಬಿ ಖಾಲಿ ಮಾಡಿಕೊಂಡೆ. ಮುಂದಿನ ವರ್ಷ ಆ ಜಾಗದಲ್ಲಿ ಗಾಡಿ ನಿಲ್ಲಿಸಲು ಸುಣ್ಣದ ಗೆರೆ ಎಳೆದರು. ಪೋಳಿನ ಬಾಯಿ ಬಿಟ್ಟುಕೊಂಡಿತು. ಅಣ್ಣ ಅಷ್ಟರಲ್ಲಿ ಕೆಲಸ ಬದಲಿಸಿ ಸೂರತ್ತಿಗೆ ಹೋಗಿದ್ದರು, ಗೆರೆ ನೋಡಲಿಲ್ಲ. ನೋಡಿ ಹೋಗಿ ಎಂದು ಕಾಗದ ಬರೆಯಬೇಕೆಂದಿದ್ದೆ. ಪರಗಂಡಸಿಗೆ ಹೇಗೆ ಬರೆಯುವುದೆಂದು ಮುಂದೂಡಿದೆ... ಅವರು ತೀರಿಕೊಂಡ ಸುದ್ದಿಯೇ ಮೊದಲು ಬಂತು.

ಕಳೆದ ವಾರ ನಿಮ್ಮಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ನಿಲ್ದಾಣ ತುಂಬಿಹೋಗಿ ನಮ್ಮ ಕಾರಿಗೆ ಜಾಗ ಸಿಗಲಿಲ್ಲ. ಅವನು ಗೊಣಗಿದ. ನಾನು ಕಿಟಕಿಯ ಗಾಜಿಳಿಸಿ, ಅಭ್ಯಾಸಬಲದಿಂದ, ಎಣಿಸುತ್ತ ಕುಳಿತೆ.

ಅಣ್ಣನಿಗೆ ಬರೆಯದೆ ಉಳಿದ ಕಾಗದ ಇದು. ಬೀಜದ ಡಬ್ಬಿಯಲ್ಲೇ ಮಡಿಸಿಟ್ಟಿದ್ದೇನೆ. ಮನೆ ಬದಲಿಸುವಾಗ ಹಳೇ ತಗಡೆಂದು ಎಸೆಯಬೇಡಿ, ಮಕ್ಕಳೇ.