ಶ್ಯಾಮಲಮ್ಮ ಕೋಲಾರಕ್ಕೆ ತಂದ ಬ್ಯಾಂಡು

ಮಾಲೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಶ್ಯಾಮಲಮ್ಮ ಡ್ರಿಲ್ ಟೀಚರಾಗಿ ಬಂದಾಗ ಊರಿನವರಿಗೆ ಅವರ ಬಗ್ಗೆ ಎರಡು ತಕರಾರಿದ್ದವು. ಸೀರೆಯುಟ್ಟು ಸೈಕಲ್ ಹೊಡೆಯುತ್ತಾರೆ ಎನ್ನುವುದು ಒಂದು. ಬಾಯಿ ಬಿಟ್ಟರೆ ರೈಲ್ವೆ ಸ್ಟೇಷನ್ನಿನವರೆಗೆ ಕೇಳುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವೇ. ಗಂಡ ಸುಬ್ಬರಾಯಪ್ಪ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ. ಹೆಂಡತಿಯ ದನಿಯ ಬಗ್ಗೆ ಯಾರಾದರೂ ಮಾತೆತ್ತಿದರೆ, "ಮನೇಲಿ ಇಬ್ರೂ ಮೆತ್ತಗಿದ್ರೆ ಸಂಸಾರ ನಡಿಯೋದು ಹೆಂಗೆ ಸ್ವಾಮಿ" ಎಂದು ನಕ್ಕುಬಿಡುತ್ತಿದ್ದರು.

ಎಪ್ಪತ್ನಾಲ್ಕರಲ್ಲಿ ಬೆಂಗಳೂರಿನಲ್ಲಿ ಡ್ರಿಲ್ ಟೀಚರುಗಳಿಗೆ ತರಬೇತಿ ಇತ್ತು. ಭಾನುವಾರ ಬಿಡುವು ಸಿಕ್ಕಿ ಶ್ಯಾಮಲಮ್ಮ ಕಬ್ಬನ್ ಪಾರ್ಕಿಗೆ ಸುತ್ತಾಡಲು ಹೋದರು. ಮರಗಳ ಆಚೆ ಏನೋ ಗುಡುಗಿದಂತಾಯಿತು. ಹತ್ತಿರ ಹೋಗಿ ನೋಡಿದರೆ ಭುಜದವರೆಗೆ ಕೂದಲು ಬಿಟ್ಟ ನಾಲ್ವರು ಹುಡುಗರು. ಮೂವರ ಕೈಯಲ್ಲಿ ಗಿಟಾರು, ಒಬ್ಬನ ಸುತ್ತ ಡ್ರಮ್ಮುಗಳು. ಆ ಶಬ್ದ ಕಿವಿಗಿಂತ ಮೊದಲು ಅವರ ಅಂಗಾಲಿಗೆ ತಲುಪಿತು, ಅಲ್ಲಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ. ಹಾಡಿನ ಇಂಗ್ಲಿಷು ಒಂದಕ್ಷರ ಅರ್ಥವಾಗಲಿಲ್ಲ. ವರ್ಷಗಟ್ಟಲೆ ಮೈದಾನದಲ್ಲಿ ನಿಂತು ಒಂದು, ಎರಡು, ಮೂರು, ನಾಲ್ಕು ಎಂದು ಕೂಗಿದ್ದ ಅವರಿಗೆ ಆ ನಾಲ್ಕೇ ಎಣಿಕೆಯೊಳಗೆ ಇಷ್ಟೊಂದು ಕುಣಿತ ಅಡಗಿದೆ ಎಂದು ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತರು. ಬ್ಯಾಂಡಿನವರು ವೈರು ಸುತ್ತಿಡುವವರೆಗೂ ಅಲ್ಲಿಂದ ಕದಲಲಿಲ್ಲ.

ಆಮೇಲೆ ತಿಂಗಳಿಗೊಂದು ಭಾನುವಾರವಾದರೂ ಪ್ಯಾಸೆಂಜರ್ ರೈಲು ಹಿಡಿದು ಬೆಂಗಳೂರಿಗೆ ಹೋಗುವುದು ರೂಢಿಯಾಯಿತು. ಅತ್ತೆ ಆದಿಲಕ್ಷ್ಮಮ್ಮನವರಿಗೆ ಅನುಮಾನ. ಅವರು ಶ್ರೀನಿವಾಸಪುರದ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು.

"ಏನಮ್ಮಾಯಿ, ಆ ಪಾರ್ಕಲ್ಲಿ ನಿಂಗೇನು ಅಂಥಾ ಕೆಲ್ಸ?"

"ಪಾಟ ಕೇಳಕ್ಕೆ ಹೋಗ್ತೀನಿ ಅತ್ತೆ, ಹಾಡು. ನೀವೂ ಬನ್ನಿ."

ಬಿಟ್ಟರೆ ಸೊಸೆ ಕೈತಪ್ಪುತ್ತಾಳೆಂದೋ ಏನೋ, ಅತ್ತೆ ಹೊರಟೇಬಿಟ್ಟರು. ಪಾರ್ಕಿನಲ್ಲಿ ಸೆರಗು ತಲೆ ಮೇಲೆ ಹೊದ್ದು ಬೆಂಚಿನ ತುದಿಗೆ ಕೂತರು. ಮೊದಲ ಹಾಡಿಗೆ ಕಿವಿ ಮುಚ್ಚಿಕೊಂಡರು. ಎರಡನೆಯದಕ್ಕೆ ಒಂದು ಕೈ ತೆಗೆದರು. ಕೊನೆಗೆ, "ಆ ಹುಡುಗ ಊಟ ಮಾಡಿದಾನೋ ಇಲ್ವೋ, ಪಾಪ, ಹೆಂಗೆ ಬಡೀತಾನೆ ನೋಡು" ಎಂದರು.

ಆ ಹುಡುಗರು ಅದೇ ರೈಲಿನಲ್ಲಿ ವಾಪಸು ಬರುವವರು ಎಂದು ಆವತ್ತೇ ತಿಳಿದದ್ದು. ಚಾಂಪಿಯನ್ ರೀಫ್‌ನ ಚಿನ್ನದ ಗಣಿ ಕ್ವಾರ್ಟರ್ಸಿನ ಹುಡುಗರು. ಬ್ಯಾಂಡಿಗೆ 'ಗ್ರಾನೈಟ್' ಎಂದು ಹೆಸರಿಟ್ಟುಕೊಂಡಿದ್ದರು. ಹಾಡುತ್ತಿದ್ದವನು ಡೆರಿಕ್. ಆದಿಲಕ್ಷ್ಮಮ್ಮ ಅವರಿಗೆಲ್ಲ ನಿಪ್ಪಟ್ಟು ಹಂಚಿದರು. ಮಾಲೂರಿನಲ್ಲಿ ಇಳಿಯುವ ಹೊತ್ತಿಗೆ ಅವರನ್ನು ಡೆರಿಕ್ ಅಜ್ಜಿ ಎನ್ನತೊಡಗಿದ್ದ.

ಎಂಬತ್ತೆರಡರಲ್ಲಿ ಕೋಲಾರದಲ್ಲಿ ಜಿಲ್ಲಾ ಮಟ್ಟದ ಹೆಣ್ಣುಮಕ್ಕಳ ಕ್ರೀಡಾಕೂಟ. ಸಮಿತಿಯ ಅಧ್ಯಕ್ಷ ಚನ್ನರಾಯಪ್ಪ ಹುತ್ತೂರಿನ ಕಡೆಯ ರೇಷ್ಮೆ ಬೆಳೆಗಾರ, ಒಂದು ಕಾಲದ ಕಬಡ್ಡಿ ಹುಲಿ. ಬಿಳಿ ಪಂಚೆ, ದಪ್ಪ ಮೀಸೆ. ಸಭೆಯಲ್ಲಿ ಅವರು, "ಸಮಾರೋಪಕ್ಕೆ ಒಂದ್ ಬ್ಯಾಂಡ್ ಬೇಕು. ಯಾರು ನೋಡ್ಕೊಂತೀರಿ?" ಎಂದರು. ಶ್ಯಾಮಲಮ್ಮನ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು. ಎಂಥ ಬ್ಯಾಂಡು ಎಂದು ಅಧ್ಯಕ್ಷರು ಕೇಳಲಿಲ್ಲ. ಇವರೂ ಹೇಳಲು ಹೋಗಲಿಲ್ಲ.

ಆ ದಿನ ಬೆಳಗ್ಗೆ ಎಲ್ಲ ತಾಲ್ಲೂಕುಗಳ ಹುಡುಗಿಯರಿಂದ ಸಾಮೂಹಿಕ ಕವಾಯತು ಮಾಡಿಸಿದವರೂ ಶ್ಯಾಮಲಮ್ಮನೇ. ಬಹುಮಾನಗಳೆಲ್ಲ ಮುಗಿದು ಬಿಸಿಲು ಇಳಿಯುತ್ತಿದ್ದಾಗ ಗ್ರಾನೈಟ್ ಹುಡುಗರು ವೇದಿಕೆ ಹತ್ತಿದರು. ಪೊಲೀಸ್ ಬ್ಯಾಂಡಿನ ನಿರೀಕ್ಷೆಯಲ್ಲಿದ್ದ ಚನ್ನರಾಯಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಏನಮ್ಮಾ ಇದು?"

"ಬ್ಯಾಂಡ್ ಬೇಕು ಅಂದ್ರಲ್ಲ ಸಾರ್. ಬ್ಯಾಂಡೇ."

ಮೊದಲ ಹಾಡಿಗೆ ಮೈದಾನ ಬೆಚ್ಚಿತು. ಎರಡನೆಯದಕ್ಕೆ ಬೇಲಿಯಾಚೆಯ ಗಂಡಸರು ಶಿಳ್ಳೆ ಹಾಕತೊಡಗಿದರು, ಖುಷಿಯ ಶಿಳ್ಳೆಯಲ್ಲ. "ಸಿನಿಮಾ ಹಾಡು ಹೇಳ್ರೋ!" "ಇಳೀರ್ಲಾ ಕೆಳಕ್ಕೆ!" ಕಡಲೆಕಾಯಿ ಸಿಪ್ಪೆಯ ಪೊಟ್ಟಣವೊಂದು ಹಾರಿಬಂದು ಡೆರಿಕ್‌ನ ಗಿಟಾರಿಗೆ ಬಡಿಯಿತು. ಅವನು ಹಾಡು ನಿಲ್ಲಿಸಿ ವೈರು ಕೀಳಲು ಬಗ್ಗಿದ. ಚನ್ನರಾಯಪ್ಪ ಎದ್ದು ನಿಂತು ಮೈಕ್‌ಸೆಟ್‌ನ ಅಜ್ಮತುಲ್ಲಾನತ್ತ ಕೈ ಬೀಸಿದರು. "ಆಫ್ ಮಾಡಯ್ಯ, ಮರ್ಯಾದೆ ಹೋಗ್ತೈತೆ!"

ಅಜ್ಮತುಲ್ಲಾ ಗುಂಡಿಯ ಮೇಲೆ ಕೈಯಿಟ್ಟು ಶ್ಯಾಮಲಮ್ಮನ ಮುಖ ನೋಡಿದ. "ಏನ್ ಮಾಡ್ಲಿ ಮೇಡಂ?"

ತನಗಾಗುವ ಅವಮಾನ ಹಾಳಾಗಲಿ, ಎಂಟು ವರ್ಷ ತನ್ನ ಭಾನುವಾರಗಳನ್ನು ತುಂಬಿದ ಈ ಹುಡುಗರು ತಲೆ ತಗ್ಗಿಸಿಕೊಂಡು ಹೋಗುವುದನ್ನು ನೋಡಲು ಶ್ಯಾಮಲಮ್ಮನಿಂದಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ವೇದಿಕೆಗೆ ನುಗ್ಗಿದರು.

"ಒಂದೇ ಒಂದ್ ನಿಮಿಷ ಕೊಡು ಅಜ್ಮತುಲ್ಲಾ. ಡೆರಿಕ್, ಬಿಡಪ್ಪ ಆ ವೈರು. ಡ್ರಮ್ ಮಾತ್ರ ಬಾರ್ಸಿ, ನಾಲ್ಕರ ಲೆಕ್ಕ. ನಿಧಾನಕ್ಕೆ."

ಡ್ರಮ್ಮಿನ ಹುಡುಗ ಅವರನ್ನೇ ನೋಡುತ್ತ ಧಡ್, ಧಡ್ ಎಂದು ಹಿಡಿದ. ಶ್ಯಾಮಲಮ್ಮ ಮೈದಾನದತ್ತ ತಿರುಗಿದರು. ಮೈಕು ಬೇಕಾಗಲಿಲ್ಲ.

"ಹುಡುಗೀರೇ! ಸಾವ್‌ಧಾನ್! ಬೆಳಗ್ಗೆ ಮಾಡಿದ್ದೇ. ಕಾಲು ಇಲ್ಲಿ, ಚಪ್ಪಾಳೆ ತಲೆ ಮೇಲೆ. ಒಂದು! ಎರಡು!"

ಮಾಲೂರಿನ ಹುಡುಗಿಯರ ಸಾಲು ಮೊದಲು ಎದ್ದಿತು. ಮುಳಬಾಗಿಲಿನ ಖೋಖೋ ತಂಡ "ಲೇವಂಡೇ, ಲೇವಂಡೇ" ಎಂದು ಒಬ್ಬರನ್ನೊಬ್ಬರು ಎಬ್ಬಿಸಿತು. ಆಮೇಲೆ ಯಾರು ಎದ್ದರು, ಯಾರು ಕೂತಿದ್ದರು ಹೇಳಲಾಗುವಂತಿರಲಿಲ್ಲ. ನೂರಾರು ಕಾಲುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಕೆಂಪು ಧೂಳು ಎದ್ದಿತು. ಬೇಲಿಯಾಚೆಯ ಶಿಳ್ಳೆ ಆ ಸದ್ದಿನಲ್ಲಿ ಮುಳುಗಿಹೋಯಿತು. ಆಗ ಡೆರಿಕ್ ನಗುತ್ತ ಗಿಟಾರನ್ನು ಆ ಎಣಿಕೆಯ ಮೇಲೆ ಇಳಿಸಿದ.

ಅದು ಹಾಡಾಗಿ ಏರುತ್ತಿದ್ದಂತೆ ಕವಾಯತು ತಾನಾಗಿಯೇ ಬಿಚ್ಚಿಕೊಂಡಿತು. ಸಾಲು ಮುರಿದು ಹುಡುಗಿಯರು ಜಡೆ ಬೀಸಿ ಕುಣಿದರು. ಶಿಳ್ಳೆ ಹಾಕಿದವರೇ ಬೇಲಿ ಹತ್ತಿ ಕೂತು ತೊಡೆ ತಟ್ಟುತ್ತಿದ್ದರು. ಸೊಸೆಯ ಜತೆ ಬಂದು ಅತಿಥಿಗಳ ಸಾಲಿನಲ್ಲಿ ಕೂತಿದ್ದ ಆದಿಲಕ್ಷ್ಮಮ್ಮ ಕುರ್ಚಿಯ ಮೇಲೆ ನಿಂತು, ಬೀಳದ ಹಾಗೆ ಪಕ್ಕದಲ್ಲಿದ್ದ ಚನ್ನರಾಯಪ್ಪನವರ ಹೆಗಲು ಹಿಡಿದು, "ಮಾ ಪಿಲ್ಲಲು! ನಮ್ಮ ಹುಡುಗರು ಕಣಪ್ಪಾ!" ಎಂದು ಕೂಗುತ್ತಿದ್ದರು. ಅಧ್ಯಕ್ಷರು ಹೆಗಲು ಸರಿಸಲಿಲ್ಲ. ಅವರ ಕಾಲೂ ನೆಲ ಕುಟ್ಟುತ್ತಿತ್ತು.

ಹಾಡು ನಿಂತಾಗ ಬಿದ್ದ ಚಪ್ಪಾಳೆಗೆ ಡೆರಿಕ್ ಕಣ್ಣೊರೆಸಿಕೊಂಡ. ಚನ್ನರಾಯಪ್ಪ ವೇದಿಕೆಯ ಅಂಚಿಗೆ ಬಂದು ಬಿಗಿದ ಮುಖದಲ್ಲೇ, "ಅಷ್ಟೇನಾ? ಇನ್ನೊಂದ್ ಹೇಳ್ಸಮ್ಮಾ" ಎಂದರು. ಕತ್ತಲಾಗುವವರೆಗೂ ಹೇಳಿಸಿದರು.

ಮುಂದೆ ಶ್ಯಾಮಲಮ್ಮ ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ರಾಕ್ ಕಛೇರಿಗಳನ್ನು ನೋಡಿದರು. ಬಣ್ಣದ ದೀಪ, ಹೊಗೆ, ಮನೆಯೆತ್ತರದ ಸ್ಪೀಕರುಗಳು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಯಾವುದು ಎಂದು ಯಾರು ಕೇಳಿದರೂ, "ನಮ್ಮ ಕೋಲಾರದ್ದು. ಆವತ್ತು ನೆಲವೂ ನಮ್ಮ ಜತೆ ಬಾರಿಸ್ತಿತ್ತು" ಎನ್ನುತ್ತಿದ್ದರು.

ಕ್ರೀಡಾಕೂಟ ಮುಗಿದ ಆ ರಾತ್ರಿ ಮಾಲೂರಿನ ಬಸ್ಸಿನಲ್ಲಿ ಹುಡುಗಿಯರು ಸೀಟಿನ ಬೆನ್ನು ಬಡಿಯುವುದನ್ನು ನಿಲ್ಲಿಸಲೇ ಇಲ್ಲ. ಕಂಡಕ್ಟರು ಎರಡು ಸಲ ಗದರಿದ. ಮೂರನೆಯ ಸಲ ಗದರಲು ಬಂದವನು ಟಿಕೆಟ್ ಪೆಟ್ಟಿಗೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಅಲ್ಲೇ ನಿಂತುಬಿಟ್ಟ.

"ಜೋರಾಗಿ ಬಾರ್ಸಪ್ಪ" ಎಂದರು ಆದಿಲಕ್ಷ್ಮಮ್ಮ.