ಎದುರುಮನೆ ಆಂಟಿಯ ಕೆರೆನೀರು

ಮೊನ್ನೆ ಮನೆಯ ಮೀನಿನ ತೊಟ್ಟಿ ತೊಳೆಯುತ್ತಿದ್ದಾಗ ಗಾಜಿಗೆ ಹತ್ತಿದ್ದ ಪಾಚಿಯ ಹಸಿ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಪುಟ್ಟೇನಹಳ್ಳಿ ಕೆರೆಯ ವಾಸನೆ ಅದು... ಎದುರುಮನೆ ಆಂಟಿಯ ಭಾನುವಾರಗಳ ವಾಸನೆ.

ತೊಂಬತ್ತರ ದಶಕದ ಕೊನೆ. ನಾವು ಜೆ.ಪಿ. ನಗರದಲ್ಲಿದ್ದೆವು. ಆಂಟಿ ಜಯನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಜೊತೆಗಿದ್ದವನು ಒಬ್ಬನೇ ಮಗ. ಭಾನುವಾರ ಬೆಳಿಗ್ಗೆ ನಮ್ಮ ರಸ್ತೆಯ ಮಕ್ಕಳನ್ನೆಲ್ಲ ಕೆರೆಗೆ ಕರೆದೊಯ್ದು, ಬಾಟಲಿಯಲ್ಲಿ ನೀರು ತಂದು, ವರಾಂಡದಲ್ಲಿ ಮೈಕ್ರೋಸ್ಕೋಪ್ ಇಡುತ್ತಿದ್ದರು. "ಮೊದ್ಲು ನೀವು ನೋಡಿ. ಹೆಸ್ರು ಆಮೇಲೆ," ಎನ್ನುತ್ತಿದ್ದರು. ಒಂದು ಹನಿಯೊಳಗೆ ಯಾವುದೋ ಜೀವಿ ತನ್ನ ಪಾಡಿಗೆ ಗಿರಗಿರ ತಿರುಗುತ್ತಿತ್ತು. ಯಾರ ಮನೆಗೆ ಕಾರು ಬಂತು, ಯಾರ ಟಿವಿ ದೊಡ್ಡದು ಎಂಬ ನಮ್ಮ ನಿತ್ಯದ ಜಗಳ ಆ ಹೊತ್ತಿಗೆ ಮರೆತೇಹೋಗುತ್ತಿತ್ತು.

ಮಗ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವನಿಗೆ ಬೈಕ್ ಬೇಕಿತ್ತು. ಸ್ನೇಹಿತರೆಲ್ಲರ ಹತ್ತಿರ ಇದೆಯೆಂದು ಊಟ ಬಿಟ್ಟ, ಮಾತು ಬಿಟ್ಟ. ಕೊನೆಗೆ ಆಂಟಿ ಕೊಡಿಸಿದರು. ಆ ಮಳೆಗಾಲದಲ್ಲೇ, ಕೋಣನಕುಂಟೆ ಹತ್ತಿರ, ಲಾರಿಯೊಂದು...

ಅವರ ಬಾಗಿಲು ಮುಚ್ಚಿತು. ಕೆಲವು ತಿಂಗಳ ಮೇಲೆ ಒಂದು ಭಾನುವಾರ ನಾನೊಬ್ಬಳೇ ಕೆರೆಗೆ ಹೋಗಿ ಬಾಟಲಿ ತುಂಬಿಕೊಂಡು ಬಂದೆ. "ಪಾಪ, ಅವ್ರಿಗೆ ತೊಂದ್ರೆ ಕೊಡ್ಬೇಡ ಕಣೇ," ಎಂದು ಅಮ್ಮ ಗದರಿದರೂ ಕೇಳದೆ ಅವರ ಬಾಗಿಲು ಬಡಿದೆ.

ಬಹಳ ಹೊತ್ತಿಗೆ ತೆಗೆದರು. ತಲೆ ಬಾಚಿರಲಿಲ್ಲ. ನನ್ನನ್ನು ನೋಡಲಿಲ್ಲ, ಬಾಟಲಿ ನೋಡಿದರು.

"ಮುಚ್ಚಳ ಯಾಕೆ ಇಷ್ಟು ಬಿಗಿ ಮಾಡಿದೀಯ? ಉಸಿರು ಕಟ್ಟುತ್ತೆ ಕಣೆ ಅವಕ್ಕೆ."

ಒಳಗಿನಿಂದ ಮೈಕ್ರೋಸ್ಕೋಪ್ ತಂದು ಕೂತರು. ಬಾಗಿದವರು ತಲೆ ಎತ್ತಲೇ ಇಲ್ಲ. ಕಣ್ಣೀರಿಗೆ ಗಾಜು ಮಸುಕಾಯಿತು. ಸೆರಗಿನಿಂದ ಒರೆಸಿ ಮತ್ತೆ ಬಾಗಿದರು.

"ರಸ್ತೆ ಮಕ್ಕಳಿಗೆಲ್ಲ ತೋರಿಸ್ದೆ. ಅವನನ್ನ ಒಂದ್ಸಲಾನೂ ಪಕ್ಕದಲ್ಲಿ ಕೂರಿಸ್ಕೊಳ್ಲಿಲ್ಲ. ಕೇಳಿದ್ದು ಕೊಡಿಸ್ಬಿಟ್ಟೆ."

"ಆಂಟಿ, ನಾನೂ ನೋಡ್ಲಾ?" ಎಂದೆ. ಸರಿದು ಜಾಗ ಕೊಟ್ಟರು.

ನಿಧಾನವಾಗಿ ವರಾಂಡ ಮತ್ತೆ ತುಂಬಿತು. ಮಗನ ವಯಸ್ಸಿನ ಹುಡುಗರು ಬೈಕಿಗೆ ಒರಗಿ ಹರಟುತ್ತಿದ್ದರೆ ಅವರೇ ಹೋಗಿ ಕರೆಯುತ್ತಿದ್ದರು. ಕೆಲವರು ನಕ್ಕರು, ಕೆಲವರು ಬಂದರು. ಮುಂದೆ ನನ್ನ ಡಿಗ್ರಿ ಮುಗಿದು, ಒಳ್ಳೆ ಸಂಬಳದ ಕಾಲ್ ಸೆಂಟರ್ ಕೆಲಸ ಸಿಕ್ಕಾಗ, ಅಪ್ಪನೆದುರು ಕೂತವರೂ ಅವರೇ. "ಕಾಲ್ ಸೆಂಟರ್ ಎಲ್ಲೂ ಓಡ್ಹೋಗಲ್ಲ ಸಾರ್. ಇವ್ಳನ್ನ ಇನ್ನೆರಡು ವರ್ಷ ಓದಕ್ಕೆ ಬಿಡಿ." ಅಪ್ಪ ಒಪ್ಪಿದರು.

ನಾನು ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಕೊನೆಯ ಪರೀಕ್ಷೆ ಬರೆಯುತ್ತಿದ್ದ ವಾರದಲ್ಲೇ ಆಂಟಿ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಪರೀಕ್ಷೆ ಮುಗಿಯುವವರೆಗೆ ಯಾರೂ ನನಗೆ ತಿಳಿಸಲಿಲ್ಲ. ತಿಳಿಸಬೇಡಿ ಎಂದು ಅವರೇ ಅಮ್ಮನ ಕೈ ಹಿಡಿದು ಹೇಳಿದ್ದರಂತೆ.

ಈಗ ನಾನು ಬನಶಂಕರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪ್ರತಿವರ್ಷ ಹೊಸ ಮಕ್ಕಳಿಗೆ ಆಂಟಿಯ ವಿಷಯ ಹೇಳಲು ಶುರುಮಾಡುತ್ತೇನೆ. ಅವರ ಮಗನ ಮಾತು ಬರುವಷ್ಟರಲ್ಲಿ ಬೋರ್ಡಿನ ಕಡೆ ತಿರುಗಿ, "ಸರಿ, ಪುಸ್ತಕ ತೆಗೀರಿ," ಎಂದುಬಿಡುತ್ತೇನೆ.