ನನ್ನ ಓಟಿನ ತವರುಮನೆ

ಒಂದು ಗುಟ್ಟು ಹೇಳುತ್ತೇನೆ, ನಮ್ಮ ಯಜಮಾನರಿಗೆ ಮಾತ್ರ ಹೇಳಬೇಡಿ. ನಾನು ಮದುವೆಯಾಗಿ ದಾಂಡೇಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಹೆಸರು ಕಲಘಟಗಿ ಕಡೆಯ ತವರೂರಿನ ಮತದಾರರ ಪಟ್ಟಿಯಲ್ಲೇ ಇತ್ತು. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಹಬ್ಬಕ್ಕೆ ತವರಿಗೆ ಹೋಗುತ್ತೇನೆಂದರೆ ಯಜಮಾನರಿಗೆ ಮಿಲ್ಲಿನಲ್ಲಿ ಶಿಫ್ಟು, ಮಕ್ಕಳಿಗೆ ಪರೀಕ್ಷೆ, ಅತ್ತೆಗೆ ಮೊಣಕಾಲು ನೋವು. ಓಟು ಹಾಕಿ ಬರುತ್ತೇನೆಂದರೆ ಎಲ್ಲರೂ ಗಪ್ಪು. ಬೇಡವೆನ್ನಲು ಯಾರಿಗೆ ಧೈರ್ಯ? ಮತ ಪವಿತ್ರ ಹಕ್ಕು ಎಂದು ಹೈಸ್ಕೂಲಿನ ಪೌರನೀತಿಯಲ್ಲಿ ಓದಿದ್ದೆ. ಅದು ತವರಿಗೆ ಹೋಗುವ ರಹದಾರಿಯೂ ಹೌದೆಂದು ಪುಸ್ತಕದಲ್ಲಿ ಬರೆದಿರಲಿಲ್ಲ, ನಾನೇ ಕಂಡುಹಿಡಿದೆ. ಲೋಕಸಭೆ, ವಿಧಾನಸಭೆ, ಗ್ರಾಮ ಪಂಚಾಯಿತಿ, ಒಂದನ್ನೂ ಬಿಟ್ಟವಳಲ್ಲ. ಸರ್ಕಾರ ಬೀಳಬಹುದು ಎಂದು ಟಿವಿಯವರು ಕೂಗಿದರೆ ಸಾಕು, ನನ್ನ ಕೈ ತಾನಾಗಿಯೇ ಅಟ್ಟದ ಮೇಲಿನ ಬ್ಯಾಗಿಗೆ ಹೋಗುತ್ತಿತ್ತು. ಒಂದು ಗುಂಡಿ ಒತ್ತಲು ನಾಲ್ಕು ದಿನ, ಆರು ಸೀರೆ! "ಓಟು ಹಾಕಾಕ ಹೊಂಟೀಯೋ, ಬಾಣಂತನಕ್ಕ ಹೊಂಟೀಯೋ?" ಎಂದು ಅತ್ತೆ ಕೇಳುತ್ತಿದ್ದರು.

ಹೆಸರು ಇಲ್ಲಿಗೆ ಬದಲಿ ಮಾಡಿಸು ಎಂದು ಯಜಮಾನರು ಅಂದಾಗಲೆಲ್ಲ, "ಅರ್ಜಿ, ಝೆರಾಕ್ಸು, ಕಚೇರಿ ಮುಂದ ಪಾಳಿ, ಯಾರಿಗೆ ಬೇಕ್ರೀ?" ಎನ್ನುತ್ತಿದ್ದೆ. ಕೆಲಸ ಕಷ್ಟ ಎಂಬುದೇ ನನ್ನ ಬಲವಾಗಿತ್ತು.

ಆ ಬಲ ಹೋದದ್ದು ಈ ವರ್ಷ. ಓಣಿಯ ಅಂಗನವಾಡಿ ಟೀಚರ್ ಶಮೀಮಕ್ಕ ಮತದಾರರ ಪಟ್ಟಿಯ ಕೆಲಸಕ್ಕೆ ಮನೆಮನೆ ತಿರುಗುತ್ತ ನಮ್ಮಲ್ಲಿಗೂ ಬಂದರು. ನಾನು ಚಹಾಕ್ಕಿಟ್ಟೆ. ಅದು ಕುದಿಯುವುದರೊಳಗೆ ನನ್ನ ಆಧಾರ್ ಕಾರ್ಡಿನ ಫೋಟೊ ಹೊಡೆದು, ಮೊಬೈಲಿನಲ್ಲೇ ಅರ್ಜಿ ತುಂಬಿ ಮುಗಿಸಿದ್ದರು. ಝೆರಾಕ್ಸಿಲ್ಲ, ಪಾಳಿಯಿಲ್ಲ! ಇಷ್ಟೊಂದು ಅನುಕೂಲ ಮಾಡಿರೆಂದು ಯಾರು ಕೇಳಿದ್ದರು?

"ತವರಿನ ಪಟ್ಟ್ಯಾಗಿಂದ ನನ್ನ ಹೆಸರು ಹೋಗತೈತೇನ್ರೀ?" ಎಂದೆ.

"ಎರಡೂ ಕಡೆ ಇರಾಕ ಬರಂಗಿಲ್ರಿ ವೈನಿ. ಗಟಾರ ತುಂಬಿದ್ರ ಓಣಿಗೆಲ್ಲ ಕೇಳೂ ಹಂಗ ಮೆಂಬರಿಗೆ ಬೈತೀರಿ. ಅವರನ್ನ ಆರಿಸೂ ಓಟೇ ನಿಮಗಿಲ್ಲ. ಅರ್ಜಿ ಕಳಸ್ಲಿ?"

ಬೈಯುವುದರಲ್ಲಿ ಓಣಿಗೇ ಮೊದಲಿಗಳಾದ ನಾನು ಓಟಿನಲ್ಲಿ ಲೆಕ್ಕಕ್ಕೇ ಇಲ್ಲ! ನಗು ಬಂತು, ನಾಚಿಕೆಯೂ ಆಯಿತು. "ಕಳಸ್ರಿ" ಎಂದೆ. ಚಹಾ ಸೋಸುವಾಗ ಮಾತ್ರ ನಿಜಕ್ಕೂ ಅಳು ಬಂತು. ತವರಿನ ರೇಷನ್ ಕಾರ್ಡಿನಿಂದ ನನ್ನನ್ನು ಮದುವೆಯಾದ ವರ್ಷವೇ ತೆಗೆದಿದ್ದರು. ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಉಳಿದಿದ್ದದ್ದು ಈ ಪಟ್ಟಿಯಲ್ಲಿ ಒಂದೇ.

ಕೆಲವು ವಾರಕ್ಕೆ ದಾಂಡೇಲಿಯ ವಿಳಾಸವಿದ್ದ ಹೊಸ ಗುರುತಿನ ಚೀಟಿ ಬಂತು. ಅವ್ವನನ್ನು ನೋಡುವ ಆಸೆ ಮಾತ್ರ ಕಲಘಟಗಿ ಬಿಟ್ಟು ಕದಲಲಿಲ್ಲ. ಮುಂದಿನ ಭಾನುವಾರ ಸೀರೆ ಮಡಚತೊಡಗಿದೆ. ಅತ್ತೆ ಕನ್ನಡಕ ಏರಿಸಿದರು. "ಈಗ ಯಾವ ಇಲೆಕ್ಷನ್ ಬಂತವಾ?"

"ಯಾವುದೂ ಇಲ್ರಿ ಅತ್ತಿ. ಅವ್ವನ್ನ ನೋಡಬೇಕನಿಸೇತಿ."

ಹಬ್ಬದ ನೆಪ, ಓಟಿನ ನೆಪ ಯಾವುದೂ ಇಲ್ಲದೆ ಹಾಗೆ ಹೇಳಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಅತ್ತೆ ನಾನು ಮಡಚಿಟ್ಟ ಸೀರೆಗಳನ್ನು ಎಣಿಸಿದರು.

"ಹಂಗಾದ್ರ ನಾಕು ದಿನಕ್ಕ ಯಾಕ ಓಡಿ ಬರ್ತಿ? ಎಂಟು ದಿನ ಇದ್ದು ಬಾ."